ಓದುಗರ ಪ್ರಶ್ನೆ: ಕಡಲೊಳಗಿನ ಕಾಡು ಮರಳಿ ಬರುವುದೇ?

ಸಮುದ್ರದ ನೀರು ಬಿಸಿಯಾಗುತ್ತಿರುವುದನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆಯುವಾಗ, ಅಮೆರಿಕದ ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯಲ್ಲಿ ಕೆಲ್ಪ್ ಎಂಬ ಕಡಲಪಾಚಿಯ ಕಾಡು ಕೆಲವೇ ವರ್ಷಗಳಲ್ಲಿ ಹಾಳಾಯಿತೆಂದೂ, ಅದನ್ನು ಮತ್ತೆ ಬೆಳೆಸುವ ಪ್ರಯತ್ನ ನಡೆದಿದೆಯೆಂದೂ ಒಂದು ಸಾಲು ಸೇರಿಸಿದ್ದೆವು. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಬರಹಕ್ಕೆ ಬರಲಿಲ್ಲ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ದೀರ್ಘವಾದವನ್ನು ಸ್ವಲ್ಪ ಮೊಟಕುಗೊಳಿಸಿದ್ದೇವೆ.

ಪ್ರಶ್ನೆ: ಪಾಚಿಯನ್ನು ಕಾಡು ಎಂದು ಕರೆಯುವುದು ಉತ್ಪ್ರೇಕ್ಷೆಯಲ್ಲವೇ? ನಮ್ಮ ಕಡಲತೀರದ ಬಂಡೆಗಳ ಮೇಲೂ ಪಾಚಿ ಬೆಳೆಯುತ್ತದೆ. ಅದನ್ನು ಯಾರೂ ಕಾಡೆನ್ನುವುದಿಲ್ಲ. (ಕುಮಟಾದಿಂದ ಒಬ್ಬ ಓದುಗರು)

ಉತ್ತರ: ಪಾಚಿ ಎಂದೊಡನೆ ನಮಗೆ ನೆನಪಾಗುವುದು ಮಳೆಗಾಲದಲ್ಲಿ ಬಾವಿಕಟ್ಟೆಯ ಮೇಲೆ ಕಾಲು ಜಾರಿಸುವ ಹಸಿರು ಲೋಳೆ. ಆ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಿದರೆ ಮಾತ್ರ ಕೆಲ್ಪ್ ಏನೆಂಬುದು ತಿಳಿಯುತ್ತದೆ. ಕೆಲ್ಪ್ ಎನ್ನುವುದು ಕಂದು ಶೈವಲಗಳಲ್ಲಿ ಅತಿ ದೊಡ್ಡ ಗಾತ್ರದವುಗಳ ಸಾಮಾನ್ಯ ಹೆಸರು. ಅವುಗಳ ಪೈಕಿ ದೈತ್ಯ ಕೆಲ್ಪ್ ಎಂಬುದು ಅನುಕೂಲವಾದ ನೀರಿನಲ್ಲಿ ದಿನವೊಂದಕ್ಕೆ ಅರ್ಧ ಮೀಟರಿನಷ್ಟು ಬೆಳೆಯಬಲ್ಲದು. 45 ಮೀಟರ್ ಉದ್ದವನ್ನೂ ಮುಟ್ಟಬಲ್ಲದು. ಎರಡು ಅಡಕೆ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಅಷ್ಟು ಎತ್ತರವಾಗುವುದು ಕಷ್ಟ. ಎಲೆಗಳ ಬುಡದಲ್ಲಿರುವ ಸಣ್ಣ ಗಾಳಿಬುರುಡೆಗಳು ಅದನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತವೆ. ಮೇಲ್ಮೈ ತಲುಪಿದ ಮೇಲೆ ಅದು ಅಡ್ಡಕ್ಕೆ ಹರಡಿ ಚಪ್ಪರ ಕಟ್ಟುತ್ತದೆ. ಆ ಚಪ್ಪರದ ಕೆಳಗೆ, ನೆರಳಿನಲ್ಲಿ ಬೆಳೆಯುವ ಕಿರಿಯ ಪಾಚಿಗಳದೇ ಒಂದು ಸ್ತರ, ಅದರ ಕೆಳಗೆ ಬಂಡೆಗಂಟಿದ ಜೀವಿಗಳದು ಇನ್ನೊಂದು. ಮೀನಿನ ಮರಿಗಳು ಅಡಗುವುದು, ಏಡಿಗಳು ಮೇಯುವುದು ಎಲ್ಲವೂ ಇಲ್ಲಿಯೇ. ಪಶ್ಚಿಮ ಘಟ್ಟದ ಕಾಡನ್ನು ಒಳಗಿನಿಂದ ನೋಡಿದವರಿಗೆ ಈ ಅಂತಸ್ತುಗಳ ವ್ಯವಸ್ಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಮರಕ್ಕೂ ಕೆಲ್ಪಿಗೂ ಇರುವ ಒಂದು ವ್ಯತ್ಯಾಸವನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಉತ್ತರಗಳೆಲ್ಲ ಅದನ್ನೇ ಅವಲಂಬಿಸಿವೆ. ಕೆಲ್ಪಿನ ಬುಡದಲ್ಲಿ ಬೇರಿನಂತೆ ಕಾಣುವ ಗೊಂಚಲು ಬಂಡೆಯನ್ನು ಹಿಡಿದುಕೊಳ್ಳುವುದಕ್ಕಷ್ಟೇ ಇದೆ. ಅದು ಸಾರವನ್ನು ಹೀರುವುದಿಲ್ಲ. ಆಹಾರಾಂಶವನ್ನು ಇಡೀ ಮೈಯೇ ನೀರಿನಿಂದ ನೇರವಾಗಿ ಪಡೆಯುತ್ತದೆ. ಹೀಗಾಗಿ ಅದಕ್ಕೆ ಹಿಡಿಯಲು ಗಟ್ಟಿ ಬಂಡೆ, ತಳದವರೆಗೂ ಇಳಿಯುವ ಬೆಳಕು ಮತ್ತು ನೈಟ್ರೇಟ್ ಸಮೃದ್ಧವಾಗಿರುವ ತಣ್ಣನೆಯ ನೀರು ಬೇಕು. ಈ ಮೂರೂ ಕೂಡಿಬರುವುದು ಹೆಚ್ಚಾಗಿ ಶೀತ ಮತ್ತು ಸಮಶೀತೋಷ್ಣ ಕರಾವಳಿಗಳಲ್ಲಿ. ಕರ್ನಾಟಕದ ಕರಾವಳಿಯಲ್ಲಿ ನಿಜವಾದ ಕೆಲ್ಪ್ ಬೆಳೆಯುವುದಿಲ್ಲ. ನೀವು ಬಂಡೆಗಳ ಮೇಲೆ ನೋಡಿರಬಹುದಾದ, ಸಣ್ಣ ಗಾಳಿಗುಂಡುಗಳಿರುವ ಕಂದು ಪಾಚಿ ಬಹುಮಟ್ಟಿಗೆ ಸರ್ಗಾಸಮ್; ಅದು ಕೆಲ್ಪಿನ ದಾಯಾದಿ.

ಪ್ರಶ್ನೆ: ಕಾಡ್ಗಿಚ್ಚಿಲ್ಲ, ಕೊಡಲಿಯಿಲ್ಲ. ಇಷ್ಟು ವೇಗವಾಗಿ ಬೆಳೆಯುವ ಕಾಡು ಎರಡು ಮೂರು ವರ್ಷಗಳಲ್ಲಿ ಇಲ್ಲವಾಗುವುದು ಹೇಗೆ? (ಶಿರಸಿಯಿಂದ ಒಬ್ಬ ಶಿಕ್ಷಕಿ)

ಉತ್ತರ: ನೀವು ಕೊಡಲಿಯಿಲ್ಲ ಎಂದಿದ್ದೀರಿ. ಕೊಡಲಿ ಇತ್ತು, ಆದರೆ ಅದು ಕಾಡಿನೊಳಗೇ ಇತ್ತು. ಮೈತುಂಬ ಮುಳ್ಳಿರುವ, ನಿಂಬೆಹಣ್ಣಿನಿಂದ ಮೋಸಂಬಿಯವರೆಗಿನ ಗಾತ್ರದ ಸೀ ಅರ್ಚಿನ್ ಎಂಬ ಜೀವಿ ಕೆಲ್ಪ್ ಕಾಡಿನ ಹಳೆಯ ನಿವಾಸಿ. ಕಾಡು ಆರೋಗ್ಯವಾಗಿರುವಾಗ ಅದು ಬಂಡೆಯ ಸಂದಿಯಲ್ಲಿ ಕುಳಿತು, ಉದುರಿ ತೇಲಿಬರುವ ಎಲೆಚೂರುಗಳನ್ನು ತಿಂದುಕೊಂಡಿರುತ್ತದೆ. ಹೊರಗೆ ಬಂದರೆ ಅದನ್ನು ತಿನ್ನಲು ಕಾದಿರುವವರು ಇರುತ್ತಾರೆ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಕಾದಿದ್ದದ್ದು ಮುಖ್ಯವಾಗಿ ಸೂರ್ಯಕಾಂತಿ ನಕ್ಷತ್ರಮೀನು. ಇಪ್ಪತ್ತರಷ್ಟು ತೋಳುಗಳಿರುವ, ಒಂದು ಮೀಟರ್ ಅಗಲದವರೆಗೆ ಬೆಳೆಯುವ ಈ ಪ್ರಾಣಿ ತನ್ನ ಬಳಗದಲ್ಲಿ ಸಾಕಷ್ಟು ಚುರುಕಾಗಿ ಓಡಾಡುವ ಬೇಟೆಗಾರ.

2013ರಲ್ಲಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯುದ್ದಕ್ಕೂ ನಕ್ಷತ್ರಮೀನುಗಳಿಗೆ ಒಂದು ರೋಗ ತಗುಲಿತು. ತೋಳುಗಳು ಸುರುಟಿ, ಕಳಚಿ, ಕೆಲವೇ ದಿನಗಳಲ್ಲಿ ಇಡೀ ಪ್ರಾಣಿ ಕರಗಿದಂತಾಗಿ ಸಾಯುತ್ತಿತ್ತು. ಇಪ್ಪತ್ತಕ್ಕೂ ಹೆಚ್ಚು ಜಾತಿಗಳಿಗೆ ರೋಗ ಬಂತಾದರೂ ಸೂರ್ಯಕಾಂತಿ ನಕ್ಷತ್ರಮೀನಿಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು. ಸತ್ತವುಗಳ ಅಂದಾಜು ಸಂಖ್ಯೆ ಐನೂರು ಕೋಟಿಯನ್ನು ಮೀರುತ್ತದೆ. 2020ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು. ರೋಗಕ್ಕೆ ಕಾರಣ ವಿಬ್ರಿಯೊ ಗುಂಪಿನ, ಅಂದರೆ ಕಾಲರಾ ರೋಗಾಣುವಿನ ಬಳಗದ ಒಂದು ಬ್ಯಾಕ್ಟೀರಿಯಾ ಎಂದು ಗುರುತಾದದ್ದು 2025ರಲ್ಲಿ, ಹನ್ನೆರಡು ವರ್ಷಗಳ ಹುಡುಕಾಟದ ನಂತರ.

ಬೇಟೆಗಾರ ಹೋದ ಬೆನ್ನಿಗೇ 2014ರಿಂದ 2016ರವರೆಗೆ ಪೆಸಿಫಿಕ್ ಸಾಗರದ ಆ ಭಾಗದಲ್ಲಿ ಬಿಸಿನೀರಿನ ಅಲೆ ನೆಲೆನಿಂತಿತು. ಬಿಸಿನೀರಿನಲ್ಲಿ ನೈಟ್ರೇಟ್ ಕಡಿಮೆ. ಕೆಲ್ಪ್ ಸೊರಗಿತು, ಉದುರುವ ಎಲೆಚೂರು ಕಡಿಮೆಯಾಯಿತು. ತೇಲಿಬರುವ ಊಟ ನಿಂತಾಗ ನೇರಳೆ ಅರ್ಚಿನ್‌ಗಳು ಸಂದಿಗಳಿಂದ ಹೊರಬಂದವು. ಅವನ್ನು ತಡೆಯುವವರು ಯಾರೂ ಇರಲಿಲ್ಲ. ಅವು ಕೆಲ್ಪನ್ನು ಮೇಲಿನಿಂದ ಮೇಯುವುದಿಲ್ಲ, ಬುಡವನ್ನೇ ಕಡಿಯುತ್ತವೆ. ಬುಡ ಕಡಿದ ಮೇಲೆ ಇಡೀ ಗಿಡ ತೇಲಿಹೋಗುತ್ತದೆ. ಆ ಕರಾವಳಿಯ ಮುಖ್ಯ ಜಾತಿಯಾದ ಬುಲ್ ಕೆಲ್ಪ್ ಬಹುಮಟ್ಟಿಗೆ ಒಂದೇ ವರ್ಷ ಬಾಳುವಂಥದ್ದು: ವಸಂತದಲ್ಲಿ ಹುಟ್ಟಿ, ಬೇಸಿಗೆಯಲ್ಲಿ ಎದ್ದುನಿಂತು, ಚಳಿಗಾಲದ ಬಿರುಗಾಳಿಗೆ ಕಿತ್ತುಹೋಗುತ್ತದೆ. ರಾಗಿ ಹೊಲದಂತೆ ಅದು ಪ್ರತಿವರ್ಷವೂ ಹೊಸದಾಗಿ ಹುಟ್ಟಬೇಕು. ಎರಡು ವರ್ಷದ ಬೆಳೆ ಕೈಕೊಟ್ಟರೆ ಬಿತ್ತನೆಯ ಬೀಜಕ್ಕೂ ಕೊರತೆ. ನೇರಳೆ ಅರ್ಚಿನ್‌ಗಳ ಸಂಖ್ಯೆ ಅರವತ್ತು ಪಟ್ಟು ಏರಿತು; ಸುಮಾರು 350 ಕಿಲೋಮೀಟರ್ ಉದ್ದದ ತೀರದಲ್ಲಿ ಕೆಲ್ಪ್ ಶೇಕಡ 90ಕ್ಕಿಂತ ಹೆಚ್ಚು ನಾಶವಾಯಿತು. ಅದನ್ನೇ ತಿಂದು ಬದುಕುತ್ತಿದ್ದ ಅಬಲೋನ್ ಎಂಬ ದೊಡ್ಡ ಚಿಪ್ಪುಜೀವಿಗಳು ಹಸಿವಿನಿಂದ ಸತ್ತವು, ಅವುಗಳನ್ನು ಹಿಡಿಯುವ ಪರವಾನಗಿಯನ್ನು 2018ರಲ್ಲಿ ನಿಲ್ಲಿಸಬೇಕಾಯಿತು.

ಇಷ್ಟಾದ ಮೇಲೆ ಅರ್ಚಿನ್‌ಗಳೂ ಹಸಿದು ಸಾಯಬೇಕಲ್ಲವೇ ಎಂದು ನೀವು ಕೇಳಬಹುದು. ಅವು ಸಾಯುವುದಿಲ್ಲ, ಕಷ್ಟವಿರುವುದೇ ಇಲ್ಲಿ. ತಿನ್ನಲು ಏನೂ ಇಲ್ಲದಿದ್ದರೆ ಅವು ತಮ್ಮ ದೇಹದ ಖರ್ಚನ್ನು ಕಡಿಮೆ ಮಾಡಿಕೊಂಡು, ಬಂಡೆಯ ಮೇಲಿನ ತೆಳು ಪಾಚಿಪದರವನ್ನು ಕೆರೆಯುತ್ತ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಒಂದು ಕೆಲ್ಪ್ ಮೊಳಕೆ ಕಾಣಿಸಿದರೂ ಸಾಕು, ಹಸಿದವುಗಳೆಲ್ಲ ಅದರ ಮೇಲೆ ಬೀಳುತ್ತವೆ. ಜಗತ್ತಿನ ಹಲವು ಕಡೆಯ ಅಳತೆಗಳನ್ನು ಹೋಲಿಸಿದ ಅಧ್ಯಯನವೊಂದು ತೋರಿಸಿದಂತೆ, ಕಾಡನ್ನು ಬಯಲಾಗಿಸಲು ಎಷ್ಟು ಅರ್ಚಿನ್ ಬೇಕೋ, ಆ ಬಯಲು ಮತ್ತೆ ಕಾಡಾಗಬೇಕಾದರೆ ಅವು ಅದರ ಹತ್ತನೇ ಒಂದು ಭಾಗದ ಆಸುಪಾಸಿಗೆ ಇಳಿಯಬೇಕು. ಹಾಳಾಗುವ ದಾರಿ ಜಾರುಬಂಡೆಯಂತಿದ್ದರೆ ಹಿಂದಿರುಗುವ ದಾರಿ ಘಟ್ಟ ಹತ್ತಿದಂತೆ.

ಪ್ರಶ್ನೆ: ನಾನು ಕಳೆದ ಬೇಸಿಗೆಯಲ್ಲಿ ಮೆಂಡೊಸಿನೊ ಕಡೆ ಹೋಗಿದ್ದಾಗ ಮುಳುಗುಗಾರರು ಸುತ್ತಿಗೆ ಹಿಡಿದು ಅರ್ಚಿನ್‌ಗಳನ್ನು ಒಡೆಯುತ್ತಾರೆಂದು ಕೇಳಿ ಕಸಿವಿಸಿಯಾಯಿತು. ಪರಿಸರ ರಕ್ಷಣೆಯ ಹೆಸರಿನಲ್ಲಿ ಲಕ್ಷಾಂತರ ಜೀವಿಗಳನ್ನು ಕೊಲ್ಲುವುದು ಸರಿಯೇ? ಅದರಿಂದ ಪ್ರಯೋಜನವಾದರೂ ಇದೆಯೇ? (ಸ್ಯಾನ್ ಹೋಸೆಯಲ್ಲಿರುವ ಕನ್ನಡಿಗ ಓದುಗರು)

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಸುಲಭ, ಮೊದಲು ಅದನ್ನು ನೋಡೋಣ. ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದಲ್ಲಿ, ಲಾಸ್ ಏಂಜಲಿಸ್ ಬಳಿಯ ಪಾಲೋಸ್ ವರ್ಡೀಸ್ ತೀರದಲ್ಲಿ 2013ರಿಂದ ಈ ಕೆಲಸ ನಡೆದಿದೆ. ಅಲ್ಲಿನ ಗುರಿ ಅರ್ಚಿನ್‌ಗಳನ್ನು ನಿರ್ನಾಮ ಮಾಡುವುದಲ್ಲ, ಚದರ ಮೀಟರಿಗೆ ಎರಡಕ್ಕೆ ಇಳಿಸುವುದು. ಹಾಗೆ ಇಳಿಸಿದ ಕಡೆಗಳಲ್ಲಿ, ಯಾರೂ ಏನನ್ನೂ ನೆಡದೆಯೇ, ತಿಂಗಳುಗಳೊಳಗೆ ದೈತ್ಯ ಕೆಲ್ಪ್ ತಾನಾಗಿ ಮೇಲೆದ್ದಿತು, ಏಕೆಂದರೆ ಹತ್ತಿರದಲ್ಲಿ ಬೀಜಾಣು ಉದುರಿಸುವ ಕಾಡು ಇನ್ನೂ ಉಳಿದಿತ್ತು. ಉತ್ತರದಲ್ಲಿ ನೀವು ಹೋಗಿದ್ದ ಕಡೆ 2020ರಿಂದ ನೊಯೊ ಕೊಲ್ಲಿಯಲ್ಲಿ ನಡೆದ ಪ್ರಯತ್ನದ ವಿಶೇಷವೆಂದರೆ, ಕೆಲ್ಪ್ ನಾಶದಿಂದ ದುಡಿಮೆ ಕಳೆದುಕೊಂಡಿದ್ದ ವೃತ್ತಿಪರ ಅರ್ಚಿನ್ ಮುಳುಗುಗಾರರಿಗೇ ಸಂಬಳ ಕೊಟ್ಟು ನೇರಳೆ ಅರ್ಚಿನ್‌ಗಳನ್ನು ತೆಗೆಸಿದ್ದು. ಅವರು ಮೊದಲು ಹಿಡಿಯುತ್ತಿದ್ದದ್ದು ಜಪಾನೀ ಊಟದಲ್ಲಿ ಬಲು ಬೇಡಿಕೆಯಿರುವ ಕೆಂಪು ಅರ್ಚಿನ್. ಬಯಲಿನಲ್ಲಿ ಹಸಿದ ನೇರಳೆ ಅರ್ಚಿನ್‌ಗೆ ಮಾರುಕಟ್ಟೆಯಿಲ್ಲ. ತಿನ್ನುವ ಭಾಗವಾದ ಅದರ ಜನನಾಂಗ ಬತ್ತಿಹೋಗಿ ಒಳಗೆ ಬರೀ ನೀರಿರುತ್ತದೆ. ಒಡೆದರೆ ಮೊಟ್ಟೆಗಳು ಚೆಲ್ಲಿ ಸಂತತಿ ಇನ್ನಷ್ಟು ಹೆಚ್ಚುವುದಿಲ್ಲವೇ ಎಂಬ ಅನುಮಾನಕ್ಕೂ ಉತ್ತರ ಇದೇ: ಚೆಲ್ಲುವುದಕ್ಕೆ ಅದರಲ್ಲಿ ಹೆಚ್ಚೇನೂ ಇರುವುದಿಲ್ಲ.

ಆದರೆ ಈ ಕೆಲಸದ ಮಿತಿಯೂ ಸ್ಪಷ್ಟ. ಮುಳುಗುಗಾರರು ಶುಚಿಗೊಳಿಸಿದ್ದು ಕೆಲವು ಎಕರೆಗಳನ್ನು, ಹಾಳಾದದ್ದು ನೂರಾರು ಕಿಲೋಮೀಟರ್ ತೀರ. ಬಿಟ್ಟರೆ ಅಕ್ಕಪಕ್ಕದ ಬಯಲಿನಿಂದ ಅರ್ಚಿನ್‌ಗಳು ಮತ್ತೆ ಒಳಕ್ಕೆ ನುಗ್ಗುತ್ತವೆ. ಆ ಸಮುದ್ರದಲ್ಲಿ ವರ್ಷದ ಎಷ್ಟೋ ದಿನ ಅಲೆಗಳು ಇಳಿಯಲು ಬಿಡುವುದಿಲ್ಲ. ಆದ್ದರಿಂದ ಇದನ್ನು ಕಾಡು ಬೆಳೆಸುವ ಕೆಲಸವೆನ್ನುವುದಕ್ಕಿಂತ ಬೀಜ ಉಳಿಸಿಕೊಳ್ಳುವ ಕೆಲಸವೆನ್ನುವುದು ನ್ಯಾಯ. ಅಲ್ಲಲ್ಲಿ ಕೆಲವು ತುಂಡುಗಳು ಜೀವಂತವಾಗಿದ್ದರೆ ಒಳ್ಳೆಯ ವರ್ಷ ಬಂದಾಗ ಅಲ್ಲಿಂದ ಹರಡೀತು.

ಸರಿಯೇ ತಪ್ಪೇ ಎಂಬ ನಿಮ್ಮ ಮೊದಲ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರವಿಲ್ಲ, ನಮ್ಮ ಅಭಿಪ್ರಾಯವನ್ನು ಅಭಿಪ್ರಾಯವೆಂದೇ ಹೇಳುತ್ತೇವೆ. ಅರ್ಚಿನ್ ಹೊರಗಿನಿಂದ ಬಂದ ಶತ್ರುವಲ್ಲ, ಆ ಕಾಡಿನ ಹಕ್ಕುದಾರ. ಅದನ್ನು ಖಳನಾಯಕನೆಂದು ಚಿತ್ರಿಸುವ ಉತ್ಸಾಹ ನಮಗೆ ಹಿಡಿಸುವುದಿಲ್ಲ. ಆದರೆ ಬೇಟೆಗಾರನನ್ನು ಕಳೆದುಕೊಂಡ ಕಡೆ ಯಾರೋ ಒಬ್ಬರು ಆ ಪಾತ್ರ ವಹಿಸದಿದ್ದರೆ, ಒಂದು ಜಾತಿಯ ಹಸಿದ ಗುಂಪಿಗಾಗಿ ನೂರಾರು ಜಾತಿಗಳ ಮನೆಯನ್ನು ಬಿಟ್ಟುಕೊಟ್ಟಂತಾಗುತ್ತದೆ. ಅಷ್ಟರಮಟ್ಟಿಗೆ ಸುತ್ತಿಗೆಯನ್ನು ನಾವು ಒಪ್ಪುತ್ತೇವೆ, ಸಂತೋಷದಿಂದಲ್ಲ.

ಪ್ರಶ್ನೆ: ಅರಣ್ಯ ಇಲಾಖೆ ನೆಡುತೋಪು ಮಾಡುವಂತೆ, ಕೆಲ್ಪ್ ಸಸಿಗಳನ್ನು ಬೆಳೆಸಿ ಸಮುದ್ರದ ತಳದಲ್ಲಿ ನೆಟ್ಟರೆ ಆಗದೇ? (ಮೈಸೂರಿನಿಂದ ನಿವೃತ್ತ ಅಧಿಕಾರಿಯೊಬ್ಬರು)

ಉತ್ತರ: ಆಗುತ್ತದೆ, ಆದರೆ ಯಾವಾಗ ಎಂಬುದೇ ಮುಖ್ಯ. ದನ ಮೇಯುವ ಬಯಲಿಗೆ ಬೇಲಿ ಹಾಕದೆ ಸಸಿ ನೆಟ್ಟರೆ ಏನಾಗುತ್ತದೆಂದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಕಾಡು ಯಾವ ಕಾರಣದಿಂದ ಹೋಯಿತೋ ಆ ಕಾರಣ ಇನ್ನೂ ಅಲ್ಲಿಯೇ ಇದ್ದರೆ ನೆಡುವುದು ಅರ್ಚಿನ್‌ಗೆ ಊಟ ಬಡಿಸಿದಂತೆ. ಕಾರಣವೂ ಎಲ್ಲೆಡೆ ಒಂದೇ ಅಲ್ಲ. ಇಂಗ್ಲೆಂಡಿನ ಸಸೆಕ್ಸ್ ತೀರದಲ್ಲಿ 1980ರ ದಶಕದಿಂದೀಚೆಗೆ ಕೆಲ್ಪ್ ಶೇಕಡ 96ಕ್ಕಿಂತ ಹೆಚ್ಚು ಮಾಯವಾದದ್ದಕ್ಕೆ 1987ರ ಬಿರುಗಾಳಿಯ ಜೊತೆಗೆ ತಳವನ್ನು ಉಜ್ಜುವ ಟ್ರಾಲ್ ಬಲೆಗಳೂ ಕಾರಣ. ಅಲ್ಲಿ 2021ರಲ್ಲಿ ತೀರದ ಸಮೀಪದ ಸುಮಾರು 300 ಚದರ ಕಿಲೋಮೀಟರಿನಲ್ಲಿ ಟ್ರಾಲಿಂಗ್ ನಿಷೇಧಿಸಿ, ತಳ ತಾನಾಗಿ ಸುಧಾರಿಸಲು ಬಿಟ್ಟಿದ್ದಾರೆ. ಮೊದಲು ಚೇತರಿಸಿಕೊಳ್ಳುತ್ತಿರುವುದು ಕೆಲ್ಪ್ ಅಲ್ಲ, ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುವ ಚಿಪ್ಪಿನ ಬಳಗ.

ಕಾರಣ ತೊಲಗಿದರೆ ಸಾಕೇ? ಸಿಡ್ನಿಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಆ ನಗರದ ತೀರದಲ್ಲಿ ಕ್ರೇವೀಡ್ ಎಂಬ ದೊಡ್ಡ ಕಂದು ಪಾಚಿಯ ಕಾಡಿತ್ತು. (ಶಾಸ್ತ್ರೀಯವಾಗಿ ಇದು ಕೆಲ್ಪ್ ಅಲ್ಲ, ಮೇಲೆ ಹೇಳಿದ ಸರ್ಗಾಸಮ್‌ನ ಗಣಕ್ಕೆ ಸೇರಿದ್ದು. ಆದರೆ ಮಾಡುವ ಕೆಲಸ ಅದೇ.) 1980ರ ದಶಕದಲ್ಲಿ ಸುಮಾರು 70 ಕಿಲೋಮೀಟರ್ ಉದ್ದಕ್ಕೆ ಅದು ಇಲ್ಲವಾಯಿತು, ಯಾರಿಗೂ ತಕ್ಷಣ ಗೊತ್ತಾಗಲೂ ಇಲ್ಲ. ತೀರಕ್ಕೇ ಬಿಡುತ್ತಿದ್ದ ನಗರದ ಕೊಳಚೆನೀರೇ ಕಾರಣವಿರಬೇಕೆಂಬುದು ವಿಜ್ಞಾನಿಗಳ ತೀರ್ಮಾನ. 1990ರ ಹೊತ್ತಿಗೆ ಕೊಳವೆಗಳನ್ನು ಆಳಸಮುದ್ರದವರೆಗೆ ಒಯ್ದ ಮೇಲೆ ನೀರು ಸ್ವಚ್ಛವಾಯಿತು. ಕಾರಣ ತೊಲಗಿತು, ಆದರೆ ಇಪ್ಪತ್ತು ವರ್ಷ ಕಳೆದರೂ ಕ್ರೇವೀಡ್ ಮರಳಲಿಲ್ಲ. ಇದರಲ್ಲಿ ಗಂಡು ಹೆಣ್ಣು ಬೇರೆಬೇರೆ ಗಿಡಗಳು. ಹುಟ್ಟುವ ಭ್ರೂಣಗಳು ತಾಯಿಯ ಹತ್ತಿರದಲ್ಲೇ ತಳ ಮುಟ್ಟುತ್ತವೆ. ಎಪ್ಪತ್ತು ಕಿಲೋಮೀಟರಿನ ಅಂತರವನ್ನು ದಾಟುವ ಶಕ್ತಿ ಅವುಗಳಿಗಿರಲಿಲ್ಲ.

2011ರಲ್ಲಿ ಸಂಶೋಧಕರು ನಗರದಾಚೆಯ ಆರೋಗ್ಯವಂತ ಕಾಡುಗಳಿಂದ ಬೆಳೆದ ಗಂಡು ಹೆಣ್ಣು ಗಿಡಗಳನ್ನು ತಂದು, ಬಂಡೆಗೆ ರಂಧ್ರ ಕೊರೆದು ಬಿಗಿದ ಬಲೆಯ ತುಂಡುಗಳಿಗೆ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದರು. ತಂದ ಗಿಡಗಳು ಕೆಲವು ತಿಂಗಳಲ್ಲಿ ಸಾಯುತ್ತವೆಂಬುದು ಅವರಿಗೆ ಗೊತ್ತೇ ಇತ್ತು. ಬೇಕಾಗಿದ್ದದ್ದು ಅವು ಅಲ್ಲ, ಅವುಗಳ ಮಕ್ಕಳು. ಸುತ್ತಲಿನ ಬರಿಯ ಬಂಡೆಯ ಮೇಲೆ ಪುಟ್ಟ ಕ್ರೇವೀಡ್‌ಗಳು ಕಾಣಿಸಿಕೊಂಡ ಮೇಲೆ ಬಲೆಯನ್ನು ಬಿಚ್ಚಿ ಒಯ್ದರು. ಎಲ್ಲ ಜಾಗಗಳಲ್ಲೂ ಯಶಸ್ಸು ಸಿಗಲಿಲ್ಲ. ಸಿಕ್ಕ ಕಡೆ ಮಕ್ಕಳೂ ಮೊಮ್ಮಕ್ಕಳೂ ಹುಟ್ಟಿ ಕಾಡು ತನ್ನ ಕಾಲ ಮೇಲೆ ನಿಂತು ನೂರಾರು ಮೀಟರ್ ಹರಡಿದೆ. ನೆಡುವುದೆಂದರೆ ಇಂಥ ಸಂದರ್ಭದಲ್ಲಿ, ಇಷ್ಟಕ್ಕೆ. ಕೆಡಿಸಿದ ಕಾರಣ ಹೋಗಿರಬೇಕು, ಬೀಜ ಮಾತ್ರ ತಲುಪದೇ ಇರಬೇಕು.

ಸಸಿ ಬೆಳೆಸುವ ನಿಮ್ಮ ಕಲ್ಪನೆಗೆ ಇನ್ನೂ ಹತ್ತಿರವಾದದ್ದು ನಾರ್ವೆಯಲ್ಲಿ ಆರಂಭವಾದ ಹಸಿರು ಜಲ್ಲಿಯ ವಿಧಾನ. ಪ್ರಯೋಗಾಲಯದಲ್ಲಿ ಸಣ್ಣ ಕಲ್ಲುಗಳ ಮೇಲೆ ಕೆಲ್ಪಿನ ಬೀಜಾಣುಗಳನ್ನು ಬಿತ್ತಿ, ಎರಡು ಮೂರು ಸೆಂಟಿಮೀಟರ್ ಬೆಳೆಸಿ, ದೋಣಿಯಿಂದ ನೀರಿಗೆ ಸುರಿಯುತ್ತಾರೆ. ಮುಳುಗುವವರ ಅಗತ್ಯವೇ ಇಲ್ಲ. ಬೆಳೆಯುತ್ತಾ ಕೆಲ್ಪ್ ಆ ಜಲ್ಲಿಯನ್ನು ಮೀರಿ ಕೆಳಗಿನ ಬಂಡೆಯನ್ನು ಹಿಡಿದುಕೊಳ್ಳುತ್ತದೆ. ಖರ್ಚು ಕಡಿಮೆ, ಆದರೆ ಅಲೆಯ ಹೊಡೆತ ಜೋರಾಗಿರುವ ಕಡೆ ಜಲ್ಲಿ ಉರುಳಿಹೋಗುವುದರಿಂದ ಎಲ್ಲ ತೀರಕ್ಕೂ ಹೊಂದುವುದಿಲ್ಲ.

1957ರಿಂದ 2020ರವರೆಗೆ ಜಗತ್ತಿನಲ್ಲಿ ನಡೆದ 259 ಕೆಲ್ಪ್ ಪುನರುಜ್ಜೀವನ ಪ್ರಯತ್ನಗಳನ್ನು ಪರಿಶೀಲಿಸಿದ ವರದಿಯೊಂದಿದೆ. ಬಹುಪಾಲು ಪ್ರಯತ್ನಗಳು ಒಂದು ಹೆಕ್ಟೇರಿಗಿಂತ ಸಣ್ಣವು, ಎರಡು ವರ್ಷವೂ ಮುಂದುವರಿಯದವು. ಗೆದ್ದವುಗಳಲ್ಲಿ ಹೆಚ್ಚಿನವು ಜೀವಂತ ಕೆಲ್ಪ್ ಕಾಡಿನ ನೆರೆಯಲ್ಲಿದ್ದವು. 2040ರೊಳಗೆ ಹತ್ತು ಲಕ್ಷ ಹೆಕ್ಟೇರ್ ಮತ್ತೆ ಬೆಳೆಸಿ ಮೂವತ್ತು ಲಕ್ಷ ಹೆಕ್ಟೇರ್ ಕಾಪಾಡಬೇಕೆಂಬ ಅಂತರರಾಷ್ಟ್ರೀಯ ಗುರಿಯನ್ನು ಈ ಹಿನ್ನೆಲೆಯಲ್ಲಿ ಓದಿದಾಗ, ಎರಡನೆಯ ಅಂಕಿಯೇ ನಮಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಪ್ರಶ್ನೆ: ಕಡಲ ನೀರುನಾಯಿಗಳು ಅರ್ಚಿನ್‌ಗಳನ್ನು ತಿನ್ನುತ್ತವೆಂದು ಓದಿದ್ದೇನೆ. ಅವನ್ನು ತಂದು ಬಿಟ್ಟರೆ ಸುತ್ತಿಗೆಯ ಕೆಲಸ ತಪ್ಪುವುದಿಲ್ಲವೇ? (ಉಡುಪಿಯಿಂದ ಪದವಿ ವಿದ್ಯಾರ್ಥಿ)

ಉತ್ತರ: ನೀವು ಓದಿದ್ದು ನಿಜ. ತುಂಗಭದ್ರೆಯಲ್ಲೋ ಕಾವೇರಿಯಲ್ಲೋ ಮೀನು ಹಿಡಿಯುವ ನಮ್ಮ ನೀರುನಾಯಿಯ ಈ ಕಡಲ ನೆಂಟ ದಿನಕ್ಕೆ ತನ್ನ ತೂಕದ ಕಾಲುಭಾಗದಷ್ಟು ತಿನ್ನುತ್ತದೆ. ಅಲಾಸ್ಕಾದ ಅಲ್ಯೂಷನ್ ದ್ವೀಪಗಳಲ್ಲಿ ನೀರುನಾಯಿ ಇರುವ ದ್ವೀಪಗಳ ಸುತ್ತ ಕೆಲ್ಪ್ ಕಾಡೂ, ಇಲ್ಲದ ದ್ವೀಪಗಳ ಸುತ್ತ ಅರ್ಚಿನ್ ಬಯಲೂ ಇರುವುದನ್ನು ವಿಜ್ಞಾನಿಗಳಾದ ಜೇಮ್ಸ್ ಎಸ್ಟಿಸ್ ಮತ್ತು ಜಾನ್ ಪಾಲ್ಮಿಸಾನೊ 1974ರಲ್ಲಿ ಪ್ರಕಟಿಸಿದರು. ತುಪ್ಪಳದ ವ್ಯಾಪಾರಕ್ಕಾಗಿ ಹದಿನೆಂಟು ಮತ್ತು ಹತ್ತೊಂಬತ್ತನೇ ಶತಮಾನಗಳಲ್ಲಿ ನಡೆದ ಬೇಟೆಯಲ್ಲಿ ಕ್ಯಾಲಿಫೋರ್ನಿಯಾದ ನೀರುನಾಯಿಗಳು ಮುಗಿದೇಹೋದವೆಂದು ಭಾವಿಸಲಾಗಿತ್ತು. 1938ರಲ್ಲಿ ಬಿಗ್ ಸರ್ ತೀರದಲ್ಲಿ ಐವತ್ತರಷ್ಟಿದ್ದ ಒಂದು ಗುಂಪು ಕಣ್ಣಿಗೆ ಬಿತ್ತು. ಇಂದಿನ ಸುಮಾರು ಮೂರು ಸಾವಿರ ನೀರುನಾಯಿಗಳು ಆ ಗುಂಪಿನ ಸಂತಾನ.

ಆದರೆ ಈ ಪ್ರಾಣಿಗೆ ಬಾಯಿರುಚಿಯಿದೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ನಡೆಸಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗೊತ್ತಾದದ್ದು, ನೀರುನಾಯಿಗಳು ಕೆಲ್ಪ್ ಉಳಿದಿರುವ ತುಂಡುಗಳಲ್ಲಿ ಕೊಬ್ಬಿದ ಅರ್ಚಿನ್‌ಗಳನ್ನು ತಿನ್ನುತ್ತವೆಯೇ ಹೊರತು ಬಯಲಿನಲ್ಲಿರುವ ಪೊಳ್ಳು ಅರ್ಚಿನ್‌ಗಳನ್ನು ಮುಟ್ಟುವುದಿಲ್ಲ. ಮುಳುಗುಗಾರನಿಗೆ ಬೇಡವಾದದ್ದು ನೀರುನಾಯಿಗೂ ಬೇಡ. ಹೀಗಾಗಿ ಅವು ಉಳಿದ ಕಾಡನ್ನು ಕಾಯುತ್ತವೆ, ಹೋದ ಕಾಡನ್ನು ಮರಳಿ ತರುವುದಿಲ್ಲ. ಮೆಂಡೊಸಿನೊ ತೀರದಲ್ಲಿ ಈಗ ನೀರುನಾಯಿಗಳೇ ಇಲ್ಲ. ಅವು ತಾವಾಗಿ ಉತ್ತರಕ್ಕೆ ಹರಡದಂತೆ ಬಿಳಿ ಶಾರ್ಕ್‌ಗಳ ಕಡಿತ ತಡೆದಿದೆ. ಇನ್ನೊಂದು ಕಡೆ, ವಾಷಿಂಗ್ಟನ್ ರಾಜ್ಯದ ಫ್ರೈಡೇ ಹಾರ್ಬರ್ ಪ್ರಯೋಗಾಲಯದಲ್ಲಿ 2019ರಿಂದ ಸೂರ್ಯಕಾಂತಿ ನಕ್ಷತ್ರಮೀನುಗಳನ್ನು ಮೊಟ್ಟೆಯಿಂದ ಬೆಳೆಸುವುದನ್ನು ಸಾಧಿಸಿದ್ದಾರೆ. ಅದು ಹಸಿದ ಅರ್ಚಿನ್‌ಗಳನ್ನೂ ತಿನ್ನುತ್ತದೆ ಎಂಬ ಕಾರಣಕ್ಕೆ, ಮುದ್ದಾಗಿ ಕಾಣದಿದ್ದರೂ, ನಮ್ಮ ಆಸೆಯೆಲ್ಲ ಅದರ ಮೇಲಿದೆ.

ಬೇಟೆಗಾರರನ್ನು ತಂದು ಬಿಡದೆ, ಹಿಡಿಯದೆ ಬಿಟ್ಟದ್ದರಿಂದಲೇ ಕಾಡು ಮರಳಿದ ಉದಾಹರಣೆಯೂ ಇದೆ. ನ್ಯೂಜಿಲೆಂಡಿನ ಲೀ ಎಂಬಲ್ಲಿ 1975ರಲ್ಲಿ ಸ್ಥಾಪನೆಯಾದ ಕಡಲ ರಕ್ಷಿತಾರಣ್ಯದಲ್ಲಿ ಮೀನುಗಾರಿಕೆ ಸಂಪೂರ್ಣ ನಿಷಿದ್ಧ. ಸ್ನ್ಯಾಪರ್ ಮೀನುಗಳೂ ಲಾಬ್‌ಸ್ಟರ್‌ಗಳೂ ಅಲ್ಲಿ ಮತ್ತೆ ದೊಡ್ಡವಾಗಿ ಬೆಳೆದು, ಕಿನಾ ಎಂದು ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳು ಕರೆಯುವ ಅರ್ಚಿನ್‌ಗಳನ್ನು ತಿಂದು ಇಳಿಸಿ, ಬಯಲುಗಳು ಮತ್ತೆ ಕೆಲ್ಪಿನಿಂದ ತುಂಬಿಕೊಂಡವು. ಸಣ್ಣ ಬೇಟೆಗಾರನಿಂದ ಈ ಕೆಲಸ ಆಗದು, ಮುಳ್ಳನ್ನು ಮುರಿಯುವ ಗಾತ್ರ ಬೇಕು. ಆ ಗಾತ್ರಕ್ಕೆ ಬೆಳೆಯಲು ದಶಕಗಳೇ ಹಿಡಿದವು.

ಪ್ರಶ್ನೆ: ನಾವಿರುವ ಕಡೆಯಿಂದ ಟಾಸ್ಮೇನಿಯಾ ದೂರವಲ್ಲ. ಅಲ್ಲಿ ನೀರೇ ಬಿಸಿಯಾಗುತ್ತಿರುವಾಗ ಕೆಲ್ಪನ್ನು ಮತ್ತೆ ಬೆಳೆಸುವುದರಲ್ಲಿ ಅರ್ಥವಿದೆಯೇ? (ಮೆಲ್ಬರ್ನ್‌ನಿಂದ ಕನ್ನಡಿಗ ದಂಪತಿ)

ಉತ್ತರ: ಇದು ಬಂದ ಪತ್ರಗಳಲ್ಲೆಲ್ಲ ಕಠಿಣವಾದ ಪ್ರಶ್ನೆ. ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ದ್ವೀಪವಾದ ಟಾಸ್ಮೇನಿಯಾದ ಪೂರ್ವ ತೀರದ ಸಮುದ್ರ ಜಾಗತಿಕ ಸರಾಸರಿಯ ಮೂರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಪೂರ್ವ ಆಸ್ಟ್ರೇಲಿಯಾದ ಬೆಚ್ಚನೆಯ, ಸಾರವಿಲ್ಲದ ಪ್ರವಾಹ ಮೊದಲಿಗಿಂತ ದಕ್ಷಿಣಕ್ಕೆ ಇಳಿದಿರುವುದೇ ಕಾರಣ. ಅಲ್ಲಿ ದೈತ್ಯ ಕೆಲ್ಪಿನ ಚಪ್ಪರ ಶೇಕಡ 95ರಷ್ಟು ಹೋಗಿದೆ, 2012ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಆ ಕಾಡನ್ನು ಅಪಾಯದಲ್ಲಿರುವ ಜೀವಿಸಮುದಾಯವೆಂದು ಘೋಷಿಸಿತು. ಅದೇ ಪ್ರವಾಹದಲ್ಲಿ ತೇಲಿಬಂದ ಉದ್ದಮುಳ್ಳಿನ ಅರ್ಚಿನ್ 1978ರಲ್ಲಿ ಮೊದಲು ಕಾಣಿಸಿಕೊಂಡಿತು. ಚಳಿಗಾಲದ ನೀರು 12 ಡಿಗ್ರಿಗಿಂತ ಬೆಚ್ಚಗಿರುವ ಕಡೆ ಅದರ ಮರಿ ಬದುಕುತ್ತದೆ, ಈಗ ಅಂಥ ನೀರು ಅಲ್ಲಿ ಸಾಮಾನ್ಯ. ಇಲ್ಲಿ ಕಾರಣ ತೊಲಗಿಲ್ಲ, ಸದ್ಯಕ್ಕೆ ತೊಲಗುವುದೂ ಇಲ್ಲ.

ಅದಕ್ಕಾಗಿ ಟಾಸ್ಮೇನಿಯಾ ವಿಶ್ವವಿದ್ಯಾಲಯದವರು ಬೇರೆ ದಾರಿ ಹಿಡಿದಿದ್ದಾರೆ. ಉಳಿದಿರುವ ಶೇಕಡ ಐದರಷ್ಟು ಗಿಡಗಳಿಂದ ಬೀಜಾಣು ಸಂಗ್ರಹಿಸಿ, ಯಾವ ಕುಟುಂಬದವು ಬಿಸಿಯನ್ನು ಚೆನ್ನಾಗಿ ತಾಳುತ್ತವೆಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಅವುಗಳ ಸಂತತಿಯನ್ನು ಕಡಲಿನಲ್ಲಿ ನೆಟ್ಟು ನೋಡುತ್ತಿದ್ದಾರೆ. ಬರ ತಾಳುವ ಜೋಳದ ತಳಿಯನ್ನು ಹುಡುಕಿದಂತೆಯೇ ಇದು. ಜೊತೆಗೆ ಉದ್ದಮುಳ್ಳಿನ ಅರ್ಚಿನ್‌ಗೆ ಮಾರುಕಟ್ಟೆ ಇರುವುದರಿಂದ, ಅದನ್ನು ಹಿಡಿಯುವವರಿಗೆ ಸಹಾಯಧನ ಕೊಟ್ಟು ಸಂಖ್ಯೆ ಇಳಿಸುತ್ತಿದ್ದಾರೆ.

ಆದರೂ ಕೆಲವು ಜಾಗಗಳನ್ನು ಬಿಟ್ಟುಕೊಡಬೇಕಾಗುತ್ತದೆ ಎಂದು ನಮಗನ್ನಿಸುತ್ತದೆ. ನಿಮ್ಮ ದೇಶದ್ದೇ ಪಶ್ಚಿಮ ತೀರದಲ್ಲಿ 2011ರ ಬಿಸಿ ಅಲೆಯ ನಂತರ ಸುಮಾರು ನೂರು ಕಿಲೋಮೀಟರ್ ಕೆಲ್ಪ್ ಕಾಡು ಹೋಗಿ, ಆ ಬಂಡೆಗಳನ್ನು ಹುಲ್ಲಿನಂಥ ಕುಳ್ಳ ಪಾಚಿಗಳೂ ಬೆಚ್ಚನೆಯ ಸಮುದ್ರದ ಮೀನುಗಳೂ ಆಕ್ರಮಿಸಿದವು. ನೀರು ಮತ್ತೆ ತಣ್ಣಗಾದರೂ ಕೆಲ್ಪ್ ಬರಲಿಲ್ಲ. ಅಂಥ ಕಡೆ ಹಣ ಸುರಿಯುವುದಕ್ಕಿಂತ ಇನ್ನೂ ತಂಪಾಗಿರುವ ತೀರದ ಕಾಡನ್ನು ಟ್ರಾಲ್ ಬಲೆ, ಕೊಳಚೆ, ಅತಿ ಮೀನುಗಾರಿಕೆಗಳಿಂದ ಕಾಪಾಡುವುದು ಲೇಸು.

ಪ್ರಶ್ನೆ: ಕೆಲ್ಪ್ ಬೆಳೆಸಿ ಕಾರ್ಬನ್ ಕ್ರೆಡಿಟ್ (ಇಂಗಾಲ ಹೀರಿಟ್ಟದ್ದಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರ) ಮಾರುವ ಯೋಜನೆಗಳಲ್ಲಿ ಹಣ ಹೂಡಬಹುದೇ? (ಬೆಂಗಳೂರಿನಿಂದ)

ಉತ್ತರ: ಹೂಡಿಕೆಯ ಸಲಹೆ ಕೊಡುವುದು ಈ ಅಂಕಣದ ಕೆಲಸವಲ್ಲ. ಗಮನಿಸಬೇಕಾದ ಒಂದು ಅಂಶವನ್ನಷ್ಟೇ ಹೇಳುತ್ತೇವೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇಂಗಾಲವನ್ನು ತನ್ನ ಬುಡದ ಕೆಸರಿನಲ್ಲಿ ಹೂತಿಡುತ್ತದೆ; ಕೆಲ್ಪ್ ನಿಂತಿರುವುದು ಬಂಡೆಯ ಮೇಲೆ, ಅದರ ಕೆಳಗೆ ಹೂಳಲು ಮಣ್ಣೇ ಇಲ್ಲ. ಅದು ಹೀರಿದ ಇಂಗಾಲದಲ್ಲಿ ಒಂದು ಪಾಲು ಆಳಸಮುದ್ರಕ್ಕೆ ತೇಲಿಹೋಗಿ ಅಲ್ಲಿ ಉಳಿಯುತ್ತದೆ, ಹೆಚ್ಚಿನದು ಕೊಳೆತು ಮತ್ತೆ ನೀರಿಗೂ ಗಾಳಿಗೂ ಸೇರುತ್ತದೆ. ಇಂಥ ಕಾಡಿನಿಂದ ಇಷ್ಟೇ ಟನ್ ಎಂದು ರಸೀದಿ ಬರೆದುಕೊಡುವವರನ್ನು ಎರಡು ಸಲ ಪ್ರಶ್ನಿಸಿರಿ.

ಪ್ರಶ್ನೆ: ಒಮಾನಿನ ಸಲಾಲಾದಲ್ಲಿ ನಾನು ಕೆಲಸದಲ್ಲಿದ್ದೇನೆ. ಇಲ್ಲಿನ ಮಳೆಗಾಲ ಮುಗಿಯುವ ಹೊತ್ತಿಗೆ ದಡದಲ್ಲಿ ಅಗಲ ಎಲೆಯ ಕಂದು ಪಾಚಿ ರಾಶಿ ಬೀಳುತ್ತದೆ. ನೀವು ಬಿಸಿ ಸಮುದ್ರದಲ್ಲಿ ಕೆಲ್ಪ್ ಇಲ್ಲವೆನ್ನುತ್ತೀರಿ, ಹಾಗಾದರೆ ಇದೇನು? (ಕುಂದಾಪುರ ಮೂಲದ ಓದುಗರು)

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು. ದಡಕ್ಕೆ ಬಿದ್ದ ರಾಶಿಯಲ್ಲಿ ಹಲವು ಜಾತಿಗಳು ಬೆರೆತಿರುತ್ತವಾದ್ದರಿಂದ ನೀವು ನೋಡಿದ್ದು ಯಾವುದೆಂದು ಇಲ್ಲಿಂದಲೇ ಹೇಳಲಾಗದು, ಆದರೆ ಅದರಲ್ಲಿ ನಿಜವಾದ ಕೆಲ್ಪ್ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾದ ತೀರಗಳಲ್ಲಿ ಬೆಳೆಯುವ ಎಕ್ಲೋನಿಯಾ ಎಂಬ ಕೆಲ್ಪ್ ಅರಬ್ಬೀ ಸಮುದ್ರದ ಒಮಾನ್ ತೀರದಲ್ಲೂ, ನೀವಿರುವ ದೋಫಾರ್ ಪ್ರಾಂತದಲ್ಲಿಯೇ, ಕಂಡುಬಂದಿದೆ. ಕುಂದಾಪುರಕ್ಕೆ ಜೂನ್‌ನಲ್ಲಿ ಮಳೆ ತರುವ ನೈಋತ್ಯ ಮಾರುತ ಅಲ್ಲಿ ದಡಕ್ಕೆ ಸಮಾನಾಂತರವಾಗಿ ಬೀಸಿ ಮೇಲಿನ ಬಿಸಿನೀರನ್ನು ಹೊರಕ್ಕೆ ತಳ್ಳುತ್ತದೆ. ಆ ಜಾಗ ತುಂಬಲು ಆಳದಿಂದ ತಣ್ಣನೆಯ, ಸಾರವತ್ತಾದ ನೀರು ಮೇಲೇಳುತ್ತದೆ. ನೀವು ಖರೀಫ್ ಎಂದು ಕರೆಯುವ ಆ ಕೆಲವು ತಿಂಗಳುಗಳಲ್ಲಿ ಉಷ್ಣವಲಯದ ಆ ಬಂಡೆಗಳು ತಣ್ಣನೆಯ ಸಮುದ್ರದ ಬಂಡೆಗಳಂತಾಗುತ್ತವೆ, ಕಂದು ಪಾಚಿಗಳು ದಟ್ಟವಾಗಿ ಬೆಳೆಯುತ್ತವೆ. ಮಾರುತ ನಿಂತು ನೀರು ಬೆಚ್ಚಗಾದೊಡನೆ ಅವು ಕಿತ್ತು ನಿಮ್ಮ ದಡ ಸೇರುತ್ತವೆ. ಮುಂದಿನ ಸಲ ಬುಡದ ಗೊಂಚಲು ಸಮೇತ ಸಿಕ್ಕಿದ ಗಿಡವೊಂದರ ಚಿತ್ರವನ್ನು, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು, ದಿನಾಂಕದೊಂದಿಗೆ ಕಳುಹಿಸಿಕೊಡಿ.